ಗೋಡೆಯಿಲ್ಲದ ನೀರು

ರಜೆ ಅಂದರೆ ಏನೂ ಮಾಡದೆ ಬಿದ್ದುಕೊಂಡಿರುವುದು, ಯಾವ ಘನಂದಾರಿ ಕೆಲಸಕ್ಕೂ ಕೈ ಹಾಕಕೂಡದು ಎಂದು ನಾಲ್ವರು ಗೆಳತಿಯರೂ ಹೊರಡುವ ಮುಂಚೆಯೇ ಮಾತಾಡಿಕೊಂಡಿದ್ದರು. ಹಾಗಂತ ಎಲ್ಲರಿಂದ ಮಾತು ತೆಗೆದುಕೊಂಡವಳು ಸೀಟಿ ಎಂಬ ಅಡ್ಡಹೆಸರಿನವಳು. ಮಾತು ಮುರಿದವರಲ್ಲಿ ಮೊದಲನೆಯವಳೂ ಅವಳೇ.

ದಂಡೆಗೆ ಬಂದು ಇನ್ನೂ ಚಪ್ಪಲಿ ಬಿಡುತ್ತಿದ್ದಳಷ್ಟೆ. ಒದ್ದೆ ಮರಳಿನ ಮೇಲೆ ಯಾರೋ ದೊಡ್ಡ ಹೊಟ್ಟೆಯ ಮನುಷ್ಯ ಮೈ ಇಳಿಸಲೆಂದು ಓಡುತ್ತಿದ್ದ. ಕೊರಳಲ್ಲಿದ್ದ ಸೀಟಿ ತಾನಾಗಿ ಅವಳ ಬಾಯಿಗೆ ಹೋಯಿತು. "ಓಡ್ಬೇಡಿ! ಜಾರ್ತೀರ!" ಎಂದು ಕೂಗಿದ್ದಕ್ಕೆ ಆ ಮನುಷ್ಯ ಬೆಚ್ಚಿ ನಿಂತೇಬಿಟ್ಟ. ಎತ್ತರದ ಮರದ ಕುರ್ಚಿಯ ಮೇಲಿದ್ದ ಕೆಂಪು ಟೋಪಿಯ ಕಾವಲುಗಾರ ನಿಧಾನವಾಗಿ ಇಳಿದು ಬಂದ.

"ಅಮ್ಮಾ, ಇಲ್ಲಿ ಸೀಟಿ ಊದೋದು ನನ್ನ ಕೆಲಸ. ದಯವಿಟ್ಟು ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಅಂದ.

ಉಳಿದ ಮೂವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗದೆ ಏನು ಮಾಡಿಯಾರು? ಊರಿನ ಈಜುಕೊಳದಲ್ಲಿ ಈಜು ಕಲಿಸುವ ಟೀಚರ್ ಅವಳು. ಆ ಪುಟ್ಟ ಸ್ಟೀಲ್ ಸೀಟಿಯನ್ನು ಮಲಗುವಾಗ ಮಾತ್ರ ಬಿಚ್ಚಿಡುತ್ತಾಳೆ ಎನ್ನುವುದು ಬೇಕರಿಯ ಹೇಳಿಕೆ, ಆಗಲೂ ಬಿಚ್ಚುವುದಿಲ್ಲ ಎನ್ನುವುದು ಲೈಬ್ರರಿಯ ವಾದ. ಬೇಕರಿ ಅಂದರೆ ಬೇಕರಿ ನಡೆಸುವವಳು, ಲೈಬ್ರರಿ ಅಂದರೆ ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ಸಂತೆಯಲ್ಲೂ ಪಿಸುಮಾತಲ್ಲೇ ಚೌಕಾಸಿ ಮಾಡುವವಳು. ಇಬ್ಬರೂ ನಡುವಯಸ್ಸಿನಲ್ಲಿ ಹೆಂಗಸರ ಮಧ್ಯಾಹ್ನದ ಬ್ಯಾಚಿಗೆ ಸೇರಿ, ನೀರು ಕುಡಿದು, ಬೈಸಿಕೊಂಡು, ಕೊನೆಗೂ ಈಜು ಕಲಿತವರು. ಮೂರನೆಯವರು ಅತ್ತಿಗೆ. ಸೀಟಿಗೆ ಸ್ವಂತ ಅತ್ತಿಗೆ, ಅಂದರೆ ತೀರಿಕೊಂಡ ಅಣ್ಣನ ಹೆಂಡತಿ. ಉಳಿದಿಬ್ಬರೂ ಹಾಗೇ ಕರೆದು ಕರೆದು ಈಗ ಇಡೀ ಈಜುಕೊಳಕ್ಕೇ ಅತ್ತಿಗೆ.

ಆ ಅತ್ತಿಗೆಯ ಕೈಯಲ್ಲೇ ಸೀಟಿ ಬೆಳೆದದ್ದು. ತಾಯಿ ಹೋದಾಗ ಅವಳಿನ್ನೂ ಲಂಗ ಎತ್ತಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡುವ ಹುಡುಗಿ. ಹೊಸದಾಗಿ ಮದುವೆಯಾಗಿ ಬಂದ ಅತ್ತಿಗೆ ಅವಳ ತಲೆ ಬಾಚಿ, ಜ್ವರ ನೋಡಿ, ದಿನಾ ಸಂಜೆ ಈಜುಕೊಳಕ್ಕೆ ಕರೆದುಕೊಂಡು ಹೋಗಿ, ಒದ್ದೆ ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿರುತ್ತಿದ್ದರು. ಮನೆಯೊಳಗೆ ಇವತ್ತಿಗೂ ಸೀಟಿ ಅವರೆದುರು ಸಣ್ಣವಳೇ. ನೀರಿನಲ್ಲಿ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಅವಳು ಗುರು, ಅತ್ತಿಗೆ ಶಿಷ್ಯೆ. ಆ ಒಂದು ಜಾಗದ ದೊಡ್ಡತನ ಅವಳಿಗೆ ಎಷ್ಟು ಪ್ರಿಯವಾಗಿತ್ತು ಅನ್ನುವುದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅಣ್ಣ ಹೋದ ಮೇಲೆ ಅತ್ತಿಗೆಯ ಮೊಣಕೈ ಸಾರ್ವಜನಿಕ ಆಸ್ತಿಯಾಗಿಬಿಟ್ಟಿತ್ತು. ಮೆಟ್ಟಿಲು ಕಂಡರೆ ಒಬ್ಬರು ಹಿಡಿದುಕೊಳ್ಳುವರು, ರಸ್ತೆ ದಾಟಬೇಕೆಂದರೆ ಇನ್ನೊಬ್ಬರು. ಯಾರೂ ಕೈ ಹಿಡಿಯದ ಜಾಗ ಯಾವುದಾದರೂ ಇದೆಯಾ ಎಂದು ಹುಡುಕುತ್ತಾ ಅವರು ಈಜುಕೊಳಕ್ಕೆ ಬಂದದ್ದು. ಬಂದವರು ತಲೆ ಮೇಲೆತ್ತಿಕೊಂಡು, ಸುತ್ತ ನೋಡಿಕೊಂಡು, ದಾರಿಯಲ್ಲಿ ಸಿಕ್ಕವರ ಯೋಗಕ್ಷೇಮ ವಿಚಾರಿಸಿಕೊಂಡು ಎಮ್ಮೆಯ ಹಾಗೆ ಈಜತೊಡಗಿದರು. ಸೀಟಿಗೆ ಇದು ಸಹಿಸುವ ಮಾತೇ? "ತಲೆ ಕೆಳಗೆ! ಗೆರೆ ನೋಡಿ!" ಎಂದು ದಡದುದ್ದಕ್ಕೂ ಅವರ ಪಕ್ಕದಲ್ಲೇ ನಡೆಯುತ್ತಾ ಊದಿದಳು, ಕೂಗಿದಳು. ಕೊಳದ ತಳದಲ್ಲಿ ಬಿಳಿ ಟೈಲ್ಸಿನ ನಡುವೆ ಕಪ್ಪು ಗೆರೆಯೊಂದಿದೆ; ಅದನ್ನು ನೋಡುತ್ತಾ ಹೋದರೆ ನೆಟ್ಟಗೆ ಹೋಗುತ್ತೀರಿ, ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ಇದು ಅವಳ ಪಾಠದ ಮೊದಲ ಮಾತು, ಕೊನೆಯ ಮಾತು. ಅತ್ತಿಗೆಯ ಎಮ್ಮೆ ಈಜು ಬಿಡಿಸುವಷ್ಟರಲ್ಲಿ ಸೀಟಿಗೆ ಸಾಕುಸಾಕಾಗಿತ್ತು.

"ಸಮುದ್ರದಲ್ಲೂ ಹೀಗೇನಾ ಈಜೋದು?" ಎಂದು ಒಮ್ಮೆ ಕ್ಲಾಸಿನಲ್ಲಿ ಬೇಕರಿ ಕೇಳಿದ್ದಳು.

"ನೀರು ಅಂದ್ಮೇಲೆ ನೀರೇ" ಅಂದಿದ್ದಳು ಸೀಟಿ.

ನಿಜ ಹೇಳಬೇಕೆಂದರೆ ಅವಳು ಸಮುದ್ರಕ್ಕೆ ಮೊಣಕಾಲಿಗಿಂತ ಹೆಚ್ಚು ಇಳಿದವಳೇ ಅಲ್ಲ. ಆದರೆ ಅಷ್ಟು ಗತ್ತಿನಿಂದ ಉತ್ತರ ಕೊಟ್ಟವಳ ಬಗ್ಗೆ ಯಾರಿಗೆ ಅನುಮಾನ ಬಂದೀತು?

ಹೀಗಾಗಿ ಮೊದಲ ದಿನವೆಲ್ಲ ಅವಳ ಪಾಲಿಗೆ ಕಳ್ಳಾಟವಾಯಿತು. ಮೂವರೂ ಅಲೆಗಳಿಗೆ ಮೈಯೊಡ್ಡಿ ಕಿರುಚಾಡುತ್ತಿದ್ದರೆ ಇವಳು ಪಟ್ಟೆಪಟ್ಟೆ ಕೊಡೆಯ ಕೆಳಗೆ ಡ್ಯೂಟಿಯ ಮೇಲಿದ್ದವಳ ಹಾಗೆ ಕೂತಳು. "ಬಾರೇ!" ಎಂದು ಕರೆದಾಗಲೆಲ್ಲ ಒಂದೊಂದು ನೆಪ. ಒಮ್ಮೆ ಬಿಸಿಲು, ಒಮ್ಮೆ ಹೊಟ್ಟೆ ಭಾರ, ಇನ್ನೊಮ್ಮೆ ಸಾಮಾನು ಕಾಯುವವರು ಬೇಡವೇ ಎಂಬ ಪ್ರಶ್ನೆ. ಕಾಯಬೇಕಾದ ಸಾಮಾನೆಂದರೆ ಹಳೇ ಟವೆಲ್ಲು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಲೈಬ್ರರಿ ತಂದು ಓದದೇ ಬಿಟ್ಟ ದಪ್ಪ ಪುಸ್ತಕ.

ಎರಡನೆಯ ದಿನ ಮಧ್ಯಾಹ್ನ ಅತ್ತಿಗೆ ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ಬಂದು ಅವಳ ಪಕ್ಕ ಕೂತರು. ದೂರದಲ್ಲಿ, ಅಲೆ ಒಡೆಯುವ ಜಾಗದಿಂದ ಬಹಳ ಆಚೆ, ಸರಪಳಿ ಕಟ್ಟಿದ ಹಳದಿ ಪೀಪಾಯಿಯೊಂದು ತೇಲುತ್ತಿತ್ತು. ಈಜುವವರಿಗೆ ಅದೇ ಗಡಿ. ಅದರಾಚೆ ದೋಣಿಗಳ ದಾರಿ.

"ಹೊರಡೋ ದಿನ ಬೆಳಗ್ಗೆ ನಾನು ಅಲ್ಲಿಗೆ ಹೋಗಿ ಮುಟ್ಟಿ ಬರ್ತೀನಿ" ಅಂದರು ಅತ್ತಿಗೆ.

"ಅಷ್ಟು ದೂರ ಯಾಕೆ ಅತ್ತಿಗೆ?"

"ಯಾಕೆ ಅಂದ್ರೆ? ಇದೆಯಲ್ಲ, ಅದಕ್ಕೆ. ಕೊಳದಲ್ಲಿ ಗೋಡೆಯಿಂದ ಗೋಡೆಗೆ ಓಡಾಡಿ ಬೇಜಾರಾಗಿದೆ. ಮನೇಲೂ ಅದೇ ಆಗಿದೆ ನಂದು." ಸ್ವಲ್ಪ ತಡೆದು ಅವರು ಮತ್ತೆ ಹೇಳಿದರು. "ನೀನು ಪಕ್ಕದಲ್ಲಿರ್ತೀಯಲ್ಲ, ನಂಗೇನು ಭಯ?"

"ಹ್ಞೂಂ, ಇರ್ತೀನಿ" ಎಂದು ಸೀಟಿಯ ನಾಲಿಗೆ ತಾನೇ ಹೇಳಿಬಿಟ್ಟಿತು. ಆ ನಾಲಿಗೆಯನ್ನು ಆಗಲೇ ಕಚ್ಚಿಕೊಂಡಿದ್ದರೆ ಅವಳಿಗೂ ಒಳ್ಳೆಯದಿತ್ತು, ನಮಗೂ ಕಥೆ ಬೇಗ ಮುಗಿಯುತ್ತಿತ್ತು.

ಆದರೆ ಸೀಟಿ ಕೈಚೆಲ್ಲುವ ಪೈಕಿಯಲ್ಲ. ಇಷ್ಟು ವರ್ಷ ಕಂಡ ಕಂಡವರಿಗೆ ಈಜು ಕಲಿಸಿದವಳು ಒಂದು ದಿನದಲ್ಲಿ ಇನ್ನಷ್ಟು ನೀರನ್ನು ಕಲಿಯಲಾರೆನೇ ಎಂದು ಹಟ ಹಿಡಿದಳು. ಮರುದಿನ ಬೆಳಕು ಹರಿಯುತ್ತಲೇ, ಮೂವರೂ ಕಬ್ಬಿಣದ ಮಂಚಗಳ ಮೇಲೆ ಗೊರಕೆ ಹೊಡೆಯುತ್ತಿರುವಾಗ, ಬಾಡಿಗೆ ಮನೆಯ ಮರದ ಮೆಟ್ಟಿಲು ಕಿರುಗುಟ್ಟದಂತೆ ಇಳಿದು ದಂಡೆಗೆ ಹೋದಳು. ಕಾವಲುಗಾರನ ಕುರ್ಚಿ ಖಾಲಿಯಿತ್ತು. ಟವೆಲ್ಲನ್ನು ಮರಳ ಮೇಲೆ ಹಾಕಿ ಸೀಟಿಯನ್ನು ಅದರ ಮೇಲಿಟ್ಟು ನೀರಿಗಿಳಿದಳು.

ನೀರು ಎದೆಮಟ್ಟ ಬಂದಾಗ ತಲೆ ಕೆಳಗೆ ಹಾಕಿ ಕೈ ಬೀಸಿದಳು. ಕೆಳಗೆ ಗೆರೆ ಇರಲಿಲ್ಲ. ಟೈಲ್ಸ್ ಇರಲಿಲ್ಲ. ಮಸುಕು ಹಸಿರು ಬಿಟ್ಟರೆ ಕಣ್ಣಿಗೆ ಆಧಾರವಾಗುವಂಥದ್ದು ಏನೂ ಇರಲಿಲ್ಲ. ಪರವಾಗಿಲ್ಲ, ಕೈಗೆ ಅಭ್ಯಾಸವಿದೆಯಲ್ಲ ಎಂದು ಮುಂದುವರಿದಳು. ಆ ಅಭ್ಯಾಸವೇ ಕುತ್ತಿಗೆಗೆ ಬಂತು. ಕೊಳದ ಆ ತುದಿ ಎಷ್ಟು ಬೀಸಿಗೆ ಬರುತ್ತದೆ ಅನ್ನುವುದು ಅವಳಿಗೆ ಮೈಯಲ್ಲೇ ಗೊತ್ತು, ಎಣಿಸಬೇಕಾಗಿಯೇ ಇಲ್ಲ. ಅಷ್ಟು ಬೀಸು ಮುಗಿದದ್ದೇ ತಡ, ಅವಳನ್ನು ಒಂದು ಮಾತೂ ಕೇಳದೆ ಮೈ, ಕೊಳದ ತುದಿಯಲ್ಲಿ ಹಿಂದಿರುಗುವಾಗ ಮಾಡುವಂತೆ, ನೀರೊಳಗೆ ಲಾಗ ಹಾಕಿತು. ಗೋಡೆಯನ್ನು ಒದೆಯಲು ಎರಡೂ ಕಾಲು ಜೋಡಿಸಿ ಜಾಡಿಸಿತು.

ಗೋಡೆ ಎಲ್ಲಿತ್ತು? ಕಾಲುಗಳು ಬರೀ ನೀರನ್ನು ಒದ್ದವು. ಮೇಲೆ ಯಾವುದು, ಕೆಳಗೆ ಯಾವುದು ಎಂದು ಗೊತ್ತಾಗದೆ ಅವಳು ಒದ್ದಾಡಿದಳು. ಬಾಯಿಯ ತುಂಬ ಉಪ್ಪುನೀರು, ಮೂಗಿನ ತುಂಬ ಉರಿ. ಹೇಗೋ ಮೇಲೆದ್ದು ಕೆಮ್ಮುತ್ತಾ ದಂಡೆಯ ಕಡೆ ನೋಡಿದರೆ ಅವಳ ಟವೆಲ್ ಇದ್ದ ಜಾಗದಲ್ಲಿ ಟವೆಲ್ಲೇ ಇಲ್ಲ. ಯಾರೂ ಕದ್ದಿರಲಿಲ್ಲ. ಅದು ಇದ್ದಲ್ಲೇ ಇತ್ತು, ಅವಳೇ ಸರಿದುಹೋಗಿದ್ದಳು. ನೆಟ್ಟಗೆ ಹೋಗುತ್ತಿದ್ದೇನೆ ಎಂದುಕೊಂಡವಳನ್ನು ನೀರು ಸದ್ದಿಲ್ಲದೆ ಎಡಕ್ಕೆ, ಅಲೆ ಬಡಿದು ನೊರೆಯೇಳುತ್ತಿದ್ದ ಕರೀ ಬಂಡೆಗಳ ಕಡೆಗೆ ಒಯ್ದಿತ್ತು.

ಪೂರ್ತಿ ಶಕ್ತಿ ಹಾಕಿ ಹೊರಗೆ ಬಂದು ಮರಳ ಮೇಲೆ ಕೂತಳು. ತನ್ನ ಭಯಕ್ಕಿಂತ ದೊಡ್ಡದೊಂದು ಭಯ ಆಗ ಅವಳಿಗೆ ತಟ್ಟಿತು. ತಲೆ ಎತ್ತಬೇಡಿ ಎಂದು ಕಲಿಸಿದವಳು ತಾನೇ. ಅತ್ತಿಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು. ತಲೆ ಕೆಳಗೆ ಹಾಕಿ, ಇಲ್ಲದ ಗೆರೆಯನ್ನು ಹುಡುಕುತ್ತಾ, ಟೀಚರ್ ಪಕ್ಕದಲ್ಲಿದ್ದಾಳೆಂಬ ಧೈರ್ಯದಲ್ಲಿ ಆ ಬಂಡೆಗಳ ಕಡೆಗೇ ಹೋಗಿಬಿಡುತ್ತಿದ್ದರು.

ಸುಮ್ಮನೆ ಜ್ವರ ಅಂತ ಮುಸುಕು ಹಾಕಿಕೊಂಡು ಮಲಗಿಬಿಡಬಹುದಿತ್ತು. ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಅತ್ತಿಗೆ ಒಬ್ಬರೇ ಹೊರಟರೆ? ಹೊರಟೇ ಹೊರಡುತ್ತಾರೆ, ಅವರ ಹಟ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೇಳಿಬಿಡುವುದೇ ಸೈ ಎಂದು ಎದ್ದಳು.

ಅಡುಗೆಮನೆಯಲ್ಲಿ ಬೇಕರಿ ಬ್ರೆಡ್ ಸುಡುತ್ತಾ, ಈ ಊರಿನ ಬ್ರೆಡ್ಡಿಗೆ ಮಾನ ಮರ್ಯಾದೆ ಇಲ್ಲ ಎಂದು ಬೈಯುತ್ತಿದ್ದಳು. ಲೈಬ್ರರಿ ಚಹಾ ಸೋಸುತ್ತಿದ್ದಳು. ಅತ್ತಿಗೆ ಮೇಜಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಮೊಣಕೈಯೂರಿ ಕಿಟಕಿಯಿಂದ ಹಳದಿ ಪೀಪಾಯಿಯನ್ನೇ ನೋಡುತ್ತಿದ್ದರು. ಸೀಟಿ ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಸಮುದ್ರದಲ್ಲಿ ಯಾವತ್ತೂ ಈಜಿಲ್ಲ ಅನ್ನುವುದು, ಈ ಬೆಳಗ್ಗೆ ಇಳಿದದ್ದು, ಲಾಗ ಹಾಕಿದ್ದು, ಬಂಡೆಗಳು, ಎಲ್ಲ.

"ನಾನು ಕಲಿಸಿದ್ದು ಇಲ್ಲಿ ನಡೆಯಲ್ಲ. ಇಲ್ಲಿ ತಲೆ ಎತ್ತಿ ನೋಡ್ಲೇಬೇಕು. ನಂಗೆ ಗೊತ್ತಿಲ್ದೆ ಗೊತ್ತಿರೋ ಹಾಗೆ ಆಡ್ದೆ" ಅಂದಳು.

ಗೋಡೆ ಇಲ್ಲದೆ ಲಾಗ ಹಾಕಿದ ಭಾಗಕ್ಕೆ ಬೇಕರಿಗೆ ನಗು ತಡೆಯಲಾಗಲಿಲ್ಲ. ಲೈಬ್ರರಿ ಅವಳ ಸೊಂಟ ಚಿವುಟಿದಳು. ಅತ್ತಿಗೆ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. "ಇವತ್ತು ಬೆಳಗ್ಗೆ ಇಳಿದ್ಯಾ?" ಎಂದು ಒಂದೇ ಮಾತು ಕೇಳಿದರು. "ಹ್ಞೂಂ" ಅಂದದ್ದಕ್ಕೆ ಲೋಟವನ್ನು ಕುಕ್ಕಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಗಿಯಿತು, ಅಂದುಕೊಂಡಳು ಸೀಟಿ. ಇನ್ನು ನೀರಿನಲ್ಲೂ ನಾನು ಸಣ್ಣವಳೇ. ಅವಳಿಗೆ ಅಳು ಬಂತು. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಅದೂ ತನ್ನ ಮೇಲೇ. ಸಿಟ್ಟು ಅವಳಿಗೆ ಯಾವಾಗಲೂ ಕೆಲಸಕ್ಕೆ ಬರುತ್ತದೆ.

ಆ ಇಡೀ ದಿನ ಅವಳು ನೀರಿನಲ್ಲಿ ಕಳೆದಳು. ಕಾವಲುಗಾರನ ಕುರ್ಚಿಯ ಎದುರಿಗೇ, ಕುತ್ತಿಗೆಮಟ್ಟದ ನೀರಿನಲ್ಲಿ, ದಂಡೆಯ ಉದ್ದಕ್ಕೆ ಆಚೆಯಿಂದ ಈಚೆಗೆ. ಆ ತುದಿಯಲ್ಲಿ ಬೇಕರಿ ಕೆಂಪು ಟವೆಲ್ ಬೀಸುತ್ತಾ ನಿಂತಳು, ಈ ತುದಿಯಲ್ಲಿ ಲೈಬ್ರರಿ. ನಾಲ್ಕು ಬೀಸಿಗೊಮ್ಮೆ ತಲೆ ಎತ್ತಬೇಕು, ಟವೆಲ್ ನೋಡಬೇಕು, ಮತ್ತೆ ಈಜಬೇಕು. ಕೇಳಲು ಎಷ್ಟು ಸುಲಭ! ಜೀವಮಾನವಿಡೀ ತಲೆ ಬಗ್ಗಿಸಿದ ಕುತ್ತಿಗೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಎದ್ದರೆ ಸೊಂಟ ಮುಳುಗುತ್ತಿತ್ತು. ಲಾಗ ಹಾಕುವ ಹೊತ್ತು ಬಂತೆಂದರೆ ಹೊಟ್ಟೆಯ ಸ್ನಾಯು ತಾನಾಗಿ ಬಿಗಿಯುತ್ತಿತ್ತು. ಹಲ್ಲು ಕಚ್ಚಿ ಅದನ್ನು ತಡೆಯುತ್ತಿದ್ದಳು.

"ತಲೆ ಎತ್ತು!" ಎಂದು ಕೂಗಿದವಳು, ಯಾರೂ ನಂಬಲಿಕ್ಕಿಲ್ಲ, ಲೈಬ್ರರಿ. ಅರ್ಧ ದಂಡೆ ತಿರುಗಿ ನೋಡಿತು.

ಕಣ್ಣು ಕೆಂಡವಾಗಿ, ತುಟಿ ಒಡೆದು, ಬೆರಳ ತುದಿ ಸುಕ್ಕುಗಟ್ಟಿದರೂ ಅವಳು ಮೇಲೆ ಬರಲಿಲ್ಲ. ಸಂಜೆಯ ಹೊತ್ತಿಗೆ ಟವೆಲ್ಲಿನಿಂದ ಟವೆಲ್ಲಿಗೆ ನೆಟ್ಟಗೆ ಬರುವುದು ಸಾಧ್ಯವಾಯಿತು. ನಡುವೆ ಒಂದೆರಡು ಸಲ ಮನೆಯ ಮೇಲಿನ ಕಿಟಕಿಯ ಕಡೆ ನೋಡಿದ್ದಳು. ಅತ್ತಿಗೆ ಅಲ್ಲಿ ನಿಂತಿದ್ದರು. ಕೈ ಬೀಸಿದರೆ ಬೀಸಲಿಲ್ಲ.

ಊಟದ ಹೊತ್ತಿಗೆ ಅತ್ತಿಗೆ ಅವಳ ಮುಖ ನೋಡದೆ ತಟ್ಟೆಗೆ ಹೇಳಿದರು. "ನಾಳೆ ಹೋಗೋದು ಹೋಗೋದೇ. ಆದ್ರೆ ನಾನು ಮುಂದೆ."

"ಆಯ್ತು ಅತ್ತಿಗೆ. ಒಂದು ಮಾತು. ನಾನು ಬೈದು ಬೈದು ಬಿಡಿಸಿದ್ನಲ್ಲ, ಆ ಈಜು ಈಜಿ. ತಲೆ ಮೇಲಿಟ್ಟು ಸುತ್ತ ನೋಡ್ಕೊಂಡು. ಇಲ್ಲಿಗೆ ಅದೇ ಸರಿ."

"ಎಮ್ಮೆ ಈಜಾ?"

"ಅದೇ."

ಅತ್ತಿಗೆ ಬೇಕರಿಯ ಕಡೆ ತಿರುಗಿ ಇನ್ನೊಂದು ತುಂಡು ಬ್ರೆಡ್ ಕೇಳಿದರು.

ಮರುದಿನ ಬೆಳಗ್ಗೆ ಗಾಳಿ ಕಡಿಮೆಯಿತ್ತು. ಪೀಪಾಯಿಯ ವಿಷಯ ಆಗಲೇ ತಿಳಿದಿದ್ದ ಕಾವಲುಗಾರ ಹಸಿರು ಬಾವುಟ ಏರಿಸಿ, "ನಾನು ದೋಣೀಲಿ ಹಿಂದೆ ಇರ್ತೀನಿ. ಮಾತಾಡ್ಸಲ್ಲ, ನೀವು ಕರೆದ್ರೆ ಬರ್ತೀನಿ" ಅಂದ. ಬೇಕರಿ, ಲೈಬ್ರರಿ ಇಬ್ಬರೂ ಉಗುರು ಕಚ್ಚುತ್ತಾ ದಂಡೆಯ ಮೇಲೆ ನಿಂತರು. ಸೀಟಿ ಅಭ್ಯಾಸಬಲದಿಂದ ಅತ್ತಿಗೆಯ ಮೊಣಕೈಗೆ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

ಅತ್ತಿಗೆ ಅಲೆಯೊಡೆಯುವ ಸಾಲನ್ನು ದಾಟಿ, ತಲೆ ಮೇಲೆತ್ತಿಕೊಂಡು, ಅವಸರವೇ ಇಲ್ಲದವರಂತೆ ಹೊರಟರು. ಅವರ ಕಣ್ಣು ಪೀಪಾಯಿಯ ಮೇಲೆ, ಸೀಟಿಯ ಕಣ್ಣು ಅವರ ಬಿಳಿಗೂದಲಿನ ಗಂಟಿನ ಮೇಲೆ. ನಾಲ್ಕು ಬೀಸು, ತಲೆ ಎತ್ತು. ನಾಲ್ಕು ಬೀಸು, ತಲೆ ಎತ್ತು. ಲಾಗದ ಹೊತ್ತು ಬಂತು; ಬಿಗಿಹಿಡಿದು ದಾಟಿದಳು. ಮತ್ತೊಮ್ಮೆ ಬಂತು, ಮತ್ತೂ ದಾಟಿದಳು.

ಅರ್ಧ ದಾರಿಯಲ್ಲಿ ನೀರಿನ ಬಣ್ಣ ಕಪ್ಪಾಯಿತು. ತಳ ಅನ್ನುವುದು ಇದೆಯೋ ಇಲ್ಲವೋ ಎಂಬಂಥ ಕಪ್ಪು. ತಲೆ ಎತ್ತಿದ ಹೊತ್ತಿಗೇ ಅಲೆಯೊಂದು ಮುಖಕ್ಕೆ ಬಡಿದು ಉಪ್ಪುನೀರು ಗಂಟಲಿಗೆ ಇಳಿಯಿತು. ಕೆಮ್ಮಿದಳು, ಇನ್ನಷ್ಟು ನೀರು ಹೋಯಿತು. ಅವಳ ಕೈ ಪಕ್ಕಕ್ಕೆ ಚಾಚಿ ಹಿಡಿದುಕೊಳ್ಳಲು ಅಂಚು ಹುಡುಕಿತು. ಅಂಚಿಲ್ಲ. ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ.

"ಅತ್ತಿಗೇ!"

ಅತ್ತಿಗೆ ನಿಂತು, ಕಾಲಾಡಿಸುತ್ತಾ ತಿರುಗಿದರು. ಅವರ ಮುಖ ಬಿಳಿಚಿಕೊಂಡದ್ದು ಅಷ್ಟು ದೂರಕ್ಕೂ ಕಂಡಿತು. ದೋಣಿಯಲ್ಲಿದ್ದ ಕಾವಲುಗಾರ ಹುಟ್ಟು ಎತ್ತಿದ. ಅತ್ತಿಗೆ ಅವನಿಗೆ ಬೇಡವೆಂದು ಕೈಮಾಡಿದರು.

"ತೇಲು ಮೊದ್ಲು! ಕೆಮ್ಮಿ ಮುಗಿಸು! ಆಮೇಲೆ ಬಾ!"

"ಆಗಲ್ಲ ಅತ್ತಿಗೆ! ನೀವೇ ಬನ್ನಿ!"

"ನಾನು ಬಂದು ಹಿಡ್ಕೊಂಡ್ರೆ ಇಬ್ರೂ ಮುಳುಗ್ತೀವಿ. ನೀನೇ ತಾನೇ ಹೇಳಿಕೊಟ್ಟಿದ್ದು? ಇಲ್ಲೇ ಇರ್ತೀನಿ. ಎಲ್ಲೂ ಹೋಗಲ್ಲ. ಬಾ!"

ಸೀಟಿ ಬೆನ್ನ ಮೇಲೆ ಮಲಗಿದಳು. ಆಕಾಶ ನೋಡುತ್ತಾ ಕೆಮ್ಮಿದಳು. ಕಿವಿಯೊಳಗೆ ಅವಳದೇ ಉಸಿರಿನ ಸದ್ದು. ದೋಣಿ ಹತ್ತಿರದಲ್ಲೇ ಇದೆ, ಕೈ ಎತ್ತಿದರೆ ಮುಗಿಯಿತು. ಎತ್ತಲಾರೆ, ಅಂದುಕೊಂಡಳು. ಅಷ್ಟು ವಯಸ್ಸಾದವರು ನಟ್ಟನಡು ನೀರಿನಲ್ಲಿ ಕಾಲಾಡಿಸುತ್ತಾ ತನಗಾಗಿ ಕಾಯುತ್ತಿದ್ದಾರೆ, ನಾನು ಎತ್ತಲಾರೆ. ಉಸಿರು ಒಂದು ಹದಕ್ಕೆ ಬಂತು. ಮಗ್ಗುಲಾಗಿ, ಬಿಳಿಗೂದಲ ಗಂಟನ್ನು ಹುಡುಕಿ, ಕೈ ಬೀಸಿದಳು.

ಅತ್ತಿಗೆ ಅವಳು ಪಕ್ಕಕ್ಕೆ ಬರುವ ತನಕ ಕದಲಲಿಲ್ಲ. ಬಂದ ಮೇಲೆ ತಿರುಗಿ, ಮತ್ತೆ ಮುಂದಾದರು.

ಪೀಪಾಯಿ ದಂಡೆಯಿಂದ ಕಾಣುವಷ್ಟು ಚೆಂದವೇನೂ ಇರಲಿಲ್ಲ. ಬಣ್ಣ ಎದ್ದು ತುಕ್ಕು ಹಿಡಿದಿತ್ತು, ಸರಪಳಿಯ ತುಂಬ ಪಾಚಿ, ಕೈಗೆ ಚುಚ್ಚುವ ಚಿಪ್ಪುಗಳು. ಮೊದಲು ಮುಟ್ಟಿದವರು ಅತ್ತಿಗೆ. ಸೀಟಿ ಬಂದು ಸರಪಳಿಗೆ ಜೋತುಬಿದ್ದಳು. ದಂಡೆಯ ಮೇಲೆ ಎರಡು ಚುಕ್ಕಿಗಳು ಕುಣಿಯುತ್ತಿದ್ದವು. ಅದರಲ್ಲೊಂದು ಬೇಕರಿ ಇರಬೇಕು.

"ಅತ್ತಿಗೆ, ಬಂದ್ಬಿಟ್ವಿ!" ಎಂದು ಸೀಟಿ ನಕ್ಕು ತಿರುಗಿದಳು.

ಕೆನ್ನೆಗೆ ಫಟ್ಟೆಂದು ಒಂದು ಬಿತ್ತು. ತಾಯಿಯಿಲ್ಲದ ಕೂಸೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈ ಎತ್ತಿರದ ಅತ್ತಿಗೆ, ಒಂದು ಕೈಯಲ್ಲಿ ಪೀಪಾಯಿ ಹಿಡಿದು ಇನ್ನೊಂದು ಒದ್ದೆ ಕೈಯಲ್ಲಿ ಹೊಡೆದಿದ್ದರು.

"ಈಜಕ್ಕೆ ಬರುತ್ತೋ ಬರಲ್ವೋ, ನಂಗದು ಬೇಕಿಲ್ಲ. ಯಾರಿಗೂ ಒಂದು ಮಾತು ಹೇಳ್ದೆ ನಿನ್ನೆ ಒಬ್ಬಳೇ ಇಳಿದ್ಯಲ್ಲ! ನಾನು ಎದ್ದು ನೋಡೋ ಹೊತ್ತಿಗೆ ಬರೀ ಟವೆಲ್ ಬಿದ್ದಿದ್ರೆ? ನಾನು ಯಾರಿಗೆ ಹೇಳ್ಕೊಂಡು ಅಳ್ಲಿ? ನಿಮ್ಮಣ್ಣ ಹೋದಾಗ ನೀನಿದ್ದೆ. ನೀನೂ ಹೋದ್ರೆ ನಂಗ್ಯಾರೇ ಇದಾರೆ?"

ಸೀಟಿಯ ಕೆನ್ನೆ ಉರಿಯುತ್ತಿತ್ತು. ಒಂದು ಹಗಲು ಒಂದು ಇರುಳು ಅವಳು ತನ್ನ ಗುರುವಿನ ಪಟ್ಟ ಹೋಯಿತೆಂದು ಕೊರಗಿದ್ದಳು. ಅತ್ತಿಗೆಯ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಇನ್ಮೇಲೆ ಹೇಳಿ ಇಳೀತೀನಿ" ಅಂದಳು.

"ಹೇಳಿ ಅಲ್ಲ. ಕರ್ಕೊಂಡು ಇಳಿ."

ಅತ್ತಿಗೆ ಮೂಗು ಒರೆಸಿಕೊಂಡರು. ಸುತ್ತಲೂ ಅಷ್ಟು ನೀರಿದ್ದಾಗ ಅದೇನು ಒರೆಸಿದರೋ. ಸೀಟಿ ದಂಡೆಯ ಕಡೆ ನೋಡಿದಳು. ಬಂದಷ್ಟೇ ದೂರ ವಾಪಸ್ ಹೋಗಬೇಕಿತ್ತು, ನಡುವೆ ಅದೇ ಕಪ್ಪು ನೀರು. ಭಯ ಹೋಗಿರಲಿಲ್ಲ.

"ಹೊರಡೋಣ್ವಾ?" ಅಂದರು ಅತ್ತಿಗೆ.

ಸರಪಳಿಯಿಂದ ಮೊದಲು ಕೈ ಬಿಟ್ಟವಳು ಸೀಟಿ.